ಏಷ್ಯಾ ಕಪ್ ಅರ್ಹತಾ ಸುತ್ತಿನ ಲೆಕ್ಕಾಚಾರ: ಒಂದೊಂದು ಪಂದ್ಯದ ಬೆಲೆ ನಿಗದಿಯಾಗುವ ಬಗೆ

2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಭಾರತ ಫುಟ್‌ಬಾಲ್ ತಂಡ ಸಿಂಗಪುರದ ಎದುರು 1–2ರಿಂದ ಸೋತಿತು. 14ನೇ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ಹೊಡೆದ ಗೋಲಿನಿಂದ ಮುನ್ನಡೆ ಸಿಕ್ಕಿದ್ದರೂ ಸಾಂಗ್ ಉಯಿ-ಯಂಗ್ ವಿರಾಮಕ್ಕೆ ಮೊದಲೊಂದು, ನಂತರವೊಂದು ಗೋಲು ಹೊಡೆದು ಪಂದ್ಯವನ್ನು ತಿರುಗಿಸಿದರು. ಗುಂಪಿನಲ್ಲಿ ಭಾರತಕ್ಕೆ ಇನ್ನೂ ಎರಡು ಪಂದ್ಯಗಳು ಬಾಕಿ ಇದ್ದವು. ಆದರೂ 2027ರ ಏಷ್ಯಾ ಕಪ್‌ನ ದಾರಿ ಅಂದೇ ಮುಚ್ಚಿತು. ಬಾಕಿ ಪಂದ್ಯಗಳನ್ನು ಗೆದ್ದರೂ ಪ್ರಯೋಜನವಿಲ್ಲವೆಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ ಎಂಬ ಪ್ರಶ್ನೆ ಅಂದು ಅನೇಕ ಅಭಿಮಾನಿಗಳಲ್ಲಿ ಮೂಡಿದ್ದು ಸಹಜ.

ಉತ್ತರ ಅಂಕಪಟ್ಟಿಯಲ್ಲಿಯೇ ಇತ್ತು. ನಾಲ್ಕು ಪಂದ್ಯಗಳಲ್ಲಿ ಎರಡು ಡ್ರಾ, ಎರಡು ಸೋಲು ಕಂಡಿದ್ದ ಭಾರತದ ಬಳಿ ಇದ್ದದ್ದು 2 ಅಂಕ. ಉಳಿದ ಎರಡನ್ನೂ ಗೆದ್ದರೆ ಅದು ಹೆಚ್ಚೆಂದರೆ 8 ಆಗುತ್ತಿತ್ತು. ಸಿಂಗಪುರ ಮತ್ತು ಹಾಂಗ್‌ಕಾಂಗ್ ಆ ಹೊತ್ತಿಗೇ ತಲಾ 8 ಅಂಕ ಗಳಿಸಿದ್ದವು, ಮತ್ತು ಅವೆರಡೂ ನವೆಂಬರ್‌ನಲ್ಲಿ ಪರಸ್ಪರ ಆಡಬೇಕಿತ್ತು. ಆ ಪಂದ್ಯದಲ್ಲಿ ಯಾರೇ ಗೆದ್ದರೂ ಅವರು 11ಕ್ಕೆ ಏರುತ್ತಿದ್ದರು. ಡ್ರಾ ಆದರೆ ಇಬ್ಬರೂ 9ಕ್ಕೆ ಬರುತ್ತಿದ್ದರು. ಅಂದರೆ ಏನೇ ಆದರೂ ಒಂದು ತಂಡವಾದರೂ 8ನ್ನು ದಾಟಲೇಬೇಕಿತ್ತು. ಗುಂಪಿನಿಂದ ಒಂದೇ ತಂಡ ಮುಂದೆ ಹೋಗುವ ನಿಯಮವಿದ್ದುದರಿಂದ ಭಾರತದ ಕಥೆ ಅಲ್ಲಿಗೆ ಮುಗಿದಿತ್ತು.

ಈ ಲೆಕ್ಕದಲ್ಲಿ ಎಲ್ಲವನ್ನೂ ನಿರ್ಧರಿಸಿದ್ದು ‘ಒಂದೇ ತಂಡ’ ಎಂಬ ನಿಯಮ. ಅರ್ಹತಾ ಸುತ್ತುಗಳನ್ನು ಹಿಂಬಾಲಿಸುವಾಗ ನಾವು ಸಾಮಾನ್ಯವಾಗಿ ಎದುರಾಳಿ ಯಾರು, ಆಟಗಾರರು ಯಾರು ಎಂಬುದನ್ನು ಮಾತ್ರ ನೋಡುತ್ತೇವೆ. ಯಾವ ಹಂತದಿಂದ ಎಷ್ಟು ತಂಡಗಳು ಮುಂದೆ ಹೋಗುತ್ತವೆ ಎಂಬುದನ್ನು ನೋಡದಿದ್ದರೆ ಯಾವ ಪಂದ್ಯ ನಿಜಕ್ಕೂ ನಿರ್ಣಾಯಕ ಎಂಬುದು ತಿಳಿಯುವುದೇ ಇಲ್ಲ. ಭಾರತ 2027ರ ಸ್ಥಾನವನ್ನು ಕಳೆದುಕೊಂಡದ್ದು ಮಡಗಾಂವ್‌ನಲ್ಲಿ ಎಂದು ದಾಖಲೆ ಹೇಳುತ್ತದೆ. ನನ್ನ ಪ್ರಕಾರ ಅದು ಕೈತಪ್ಪಿದ್ದು ಅದಕ್ಕೂ ಒಂದೂವರೆ ವರ್ಷ ಮೊದಲು, ಗುವಾಹಟಿಯಲ್ಲಿ.

ಇದು ಅರ್ಥವಾಗಬೇಕಾದರೆ ಮೊದಲು ವ್ಯವಸ್ಥೆಯ ಒಟ್ಟು ಚಿತ್ರ ಕಣ್ಣ ಮುಂದೆ ಇರಬೇಕು. 2019ರ ಆವೃತ್ತಿಯಿಂದ ಏಷ್ಯಾ ಕಪ್‌ನಲ್ಲಿ 16ರ ಬದಲು 24 ತಂಡಗಳು ಆಡುತ್ತಿವೆ. ಅದೇ ಆವೃತ್ತಿಯಿಂದ ಏಷ್ಯಾ ಫುಟ್‌ಬಾಲ್ ಒಕ್ಕೂಟವು ವಿಶ್ವಕಪ್ ಅರ್ಹತೆಯ ಆರಂಭದ ಸುತ್ತುಗಳನ್ನೂ ಏಷ್ಯಾ ಕಪ್ ಅರ್ಹತೆಯನ್ನೂ ಒಂದುಗೂಡಿಸಿತು. ಒಂದೇ ಪಂದ್ಯದ ಫಲಿತಾಂಶ ಎರಡು ಟೂರ್ನಿಗಳ ಲೆಕ್ಕಕ್ಕೂ ಸೇರುತ್ತದೆ. ಈ ಬಾರಿ 46 ರಾಷ್ಟ್ರಗಳು ಕಣದಲ್ಲಿದ್ದವು. ರ‍್ಯಾಂಕಿಂಗ್‌ನಲ್ಲಿ ಏಷ್ಯಾದ ಮೊದಲ 26 ತಂಡಗಳು ನೇರವಾಗಿ ಎರಡನೇ ಸುತ್ತಿಗೆ ಬಂದವು. ಉಳಿದ 20 ತಂಡಗಳು 2023ರ ಅಕ್ಟೋಬರ್‌ನಲ್ಲಿ ಮೊದಲ ಸುತ್ತು ಆಡಿ, ಅವುಗಳಲ್ಲಿ 10 ತಂಡಗಳು ಮುಂದೆ ಬಂದವು. ಹೀಗೆ ಎರಡನೇ ಸುತ್ತಿನಲ್ಲಿ 36 ತಂಡಗಳನ್ನು ತಲಾ ನಾಲ್ಕರ ಒಂಬತ್ತು ಗುಂಪುಗಳಾಗಿ ವಿಂಗಡಿಸಲಾಯಿತು. ಪ್ರತಿ ಗುಂಪಿನ ಮೊದಲ ಎರಡು ತಂಡಗಳು, ಅಂದರೆ ಒಟ್ಟು 18, ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೂ ಹೋದವು, ಏಷ್ಯಾ ಕಪ್‌ಗೂ ಅಲ್ಲಿಯೇ ಅರ್ಹತೆ ಪಡೆದವು. ಆತಿಥೇಯ ಸೌದಿ ಅರೇಬಿಯಾ ಕೂಡ ತನ್ನ ಗುಂಪಿನಲ್ಲಿ ಜೋರ್ಡಾನ್ ನಂತರ ಎರಡನೆಯದಾಗಿ ಇದೇ 18ರೊಳಗೆ ಬಂದಿತು. ಗುಂಪುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಪಡೆದ 18 ತಂಡಗಳ ಜೊತೆಗೆ, ಮೊದಲ ಸುತ್ತಿನಲ್ಲಿ ಸೋತವರ ಪೈಕಿ ಮತ್ತೊಂದು ಅವಕಾಶ ದಕ್ಕಿಸಿಕೊಂಡ 6 ತಂಡಗಳು ಸೇರಿ, 24 ತಂಡಗಳ ಏಷ್ಯಾ ಕಪ್‌ನ ಪ್ರತ್ಯೇಕ ಅರ್ಹತಾ ಸುತ್ತು ರೂಪುಗೊಂಡಿತು. ಅಲ್ಲಿ ಆರು ಗುಂಪುಗಳು. ಪ್ರತಿ ಗುಂಪಿನ ಅಗ್ರ ತಂಡಕ್ಕೆ ಮಾತ್ರ ಟಿಕೆಟ್.

ಇದನ್ನು ಹಿಂದಿನ ಎರಡು ಆವೃತ್ತಿಗಳ ಜೊತೆಗಿಟ್ಟು ನೋಡಿದಾಗ ಒಂದು ಮುಖ್ಯ ಬದಲಾವಣೆ ಕಾಣುತ್ತದೆ. 2019ರ ಟೂರ್ನಿಗೆ 12 ತಂಡಗಳು ಜಂಟಿ ಸುತ್ತಿನಿಂದಲೇ ಆಯ್ಕೆಯಾಗಿ, ಉಳಿದ 12 ಸ್ಥಾನಗಳಿಗೆ ಈ ಕೊನೆಯ ಸುತ್ತಿನಲ್ಲಿ 24 ತಂಡಗಳು ಆಡಿದವು. 2023ರ ಆವೃತ್ತಿಗೆ 13 ಸ್ಥಾನಗಳು ಮೊದಲೇ ತುಂಬಿ, 11 ಉಳಿದವು. 2027ಕ್ಕೆ 18 ಸ್ಥಾನಗಳು ಮೊದಲೇ ತುಂಬಿ, ಕೇವಲ 6 ಉಳಿದವು. ಕೊನೆಯ ಸುತ್ತಿನಲ್ಲಿ ಆಡುವ ತಂಡಗಳ ಸಂಖ್ಯೆ ಮೂರು ಬಾರಿಯೂ 24 ಆಗಿದ್ದರೂ ಗೆದ್ದು ಹೋಗುವವರ ಸಂಖ್ಯೆ 12ರಿಂದ 11ಕ್ಕೆ, 11ರಿಂದ 6ಕ್ಕೆ ಇಳಿಯಿತು. ಹಿಂದೆ ಅದು ಫೇಲಾದವರಿಗೆ ಇಡುವ ಪೂರಕ ಪರೀಕ್ಷೆಯಂತಿತ್ತು. ಈಗ ತರಗತಿಗೆ ಮೊದಲಿಗರಾದವರನ್ನಷ್ಟೇ ಪಾಸು ಮಾಡುವ ಪೂರಕ ಪರೀಕ್ಷೆಯಾಗಿದೆ.

ಇದಕ್ಕೆ ಕಾರಣ ವಿಶ್ವಕಪ್‌ನಲ್ಲಿದೆ. 2026ರಿಂದ ವಿಶ್ವಕಪ್ 32ರ ಬದಲು 48 ತಂಡಗಳ ಟೂರ್ನಿಯಾದಾಗ ಏಷ್ಯಾಕ್ಕೆ ನೇರ ಸ್ಥಾನಗಳು ನಾಲ್ಕರಿಂದ ಎಂಟಕ್ಕೆ ಏರಿದವು. ಅಷ್ಟು ಸ್ಥಾನಗಳಿಗೆ ಪೈಪೋಟಿ ನಡೆಸಲು ಮೂರನೇ ಸುತ್ತಿನಲ್ಲಿ ಹಿಂದಿನಂತೆ 12 ತಂಡಗಳಿದ್ದರೆ ಸಾಲದು ಎಂದು ಅದನ್ನು 18ಕ್ಕೆ ಹಿಗ್ಗಿಸಲಾಯಿತು. ಆ ಸುತ್ತಿಗೆ ಬಂದವರೆಲ್ಲ ಏಷ್ಯಾ ಕಪ್‌ಗೂ ಬಂದಂತೆ ಎಂಬ ಹಳೆಯ ನಿಯಮ ಹಾಗೆಯೇ ಉಳಿಯಿತು. ಪಂದ್ಯಗಳ ವೇಳಾಪಟ್ಟಿಯ ದೃಷ್ಟಿಯಿಂದ ಇದು ಜಾಣ ಏರ್ಪಾಡು. ಬಲಿಷ್ಠ ತಂಡಗಳು ಒಂದೇ ಅರ್ಹತೆಗಾಗಿ ಎರಡು ಸಲ ಆಡಬೇಕಿಲ್ಲ. ಆದರೆ ಭಾರತದಂಥ ನಡುಮಟ್ಟದ ತಂಡಗಳ ಪಾಲಿಗೆ ಇದರಿಂದ ಎರಡನೇ ಸುತ್ತಿನ ತೂಕ ಒಮ್ಮೆಲೇ ಹೆಚ್ಚಿತು. ನಾಲ್ಕು ತಂಡಗಳ ಗುಂಪಿನಲ್ಲಿ ಎರಡನೆಯದಾದರೂ ಸಾಕು ಎಂಬ ಸುತ್ತು ಅದು. ಅಲ್ಲಿ ತಪ್ಪಿದರೆ ಮೊದಲನೆಯದೇ ಆಗಬೇಕು ಎಂಬ ಸುತ್ತಿಗೆ ಹೋಗಬೇಕು.

ಎರಡನೇ ಸುತ್ತಿನಲ್ಲಿ ಭಾರತದ ಗುಂಪಿನಲ್ಲಿದ್ದವರು ಕತಾರ್, ಕುವೈತ್ ಮತ್ತು ಅಫ್ಘಾನಿಸ್ತಾನ. ಆರಂಭ ಚೆನ್ನಾಗಿಯೇ ಇತ್ತು: 2023ರ ನವೆಂಬರ್ 16ರಂದು ಕುವೈತ್‌ನಲ್ಲಿ ಮನ್ವೀರ್ ಸಿಂಗ್ ಹೊಡೆದ ಗೋಲಿನಿಂದ 1–0 ಗೆಲುವು. ಭುವನೇಶ್ವರದಲ್ಲಿ ಕತಾರ್ ಎದುರು 0–3 ಸೋಲು ಅನಿರೀಕ್ಷಿತವೇನೂ ಅಲ್ಲ. ಮುಂದಿನ ಎರಡು ಪಂದ್ಯಗಳು ಅಫ್ಘಾನಿಸ್ತಾನದ ಜೊತೆ. ತಮ್ಮ ನೆಲದಲ್ಲಿ ಆಡಲಾಗದ ಅಫ್ಘನ್ನರು ಸೌದಿಯ ಅಭಾ ನಗರವನ್ನು ತವರಾಗಿ ಮಾಡಿಕೊಂಡಿದ್ದರು. ಅಲ್ಲಿನ ಪಂದ್ಯ 0–0ಯಲ್ಲಿ ಮುಗಿಯಿತು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ನಡೆದದ್ದು ಸುನಿಲ್ ಛೆಟ್ರಿಯವರ 150ನೇ ಅಂತರರಾಷ್ಟ್ರೀಯ ಪಂದ್ಯ. ಮೊದಲಾರ್ಧದಲ್ಲಿ ಅವರೇ ಪೆನಾಲ್ಟಿಯಿಂದ ಗೋಲು ಹೊಡೆದರು. 70ನೇ ನಿಮಿಷದವರೆಗೂ ಭಾರತ ಮುಂದಿತ್ತು. ಆಗ ರಹಮತ್ ಅಕ್ಬರಿ ಸಮ ಮಾಡಿದರು. 88ನೇ ನಿಮಿಷದಲ್ಲಿ ಷರೀಫ್ ಮುಹಮ್ಮದ್ ಪೆನಾಲ್ಟಿಯಿಂದ ಅಫ್ಘಾನಿಸ್ತಾನವನ್ನು ಗೆಲ್ಲಿಸಿದರು.

ಗುಂಪಿನ ಪಂದ್ಯಗಳೆಲ್ಲ ಮುಗಿದಾಗ ಕುವೈತ್ 7 ಅಂಕಗಳೊಂದಿಗೆ ಎರಡನೆಯ ಸ್ಥಾನದಲ್ಲಿತ್ತು. ಭಾರತ ಮತ್ತು ಅಫ್ಘಾನಿಸ್ತಾನ ತಲಾ 5ರಲ್ಲಿ ನಿಂತವು. ಗುವಾಹಟಿಯಲ್ಲಿ ಆ ಒಂದು ಗೋಲಿನ ಮುನ್ನಡೆ ಕೊನೆಯವರೆಗೆ ಉಳಿದಿದ್ದರೆ, ಉಳಿದ ಫಲಿತಾಂಶಗಳು ಹಾಗೆಯೇ ಇದ್ದರೂ ಭಾರತದ ಅಂಕ 8 ಆಗಿ, ಕುವೈತ್ ಹಿಂದೆ ಬೀಳುತ್ತಿತ್ತು. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಮತ್ತು ಏಷ್ಯಾ ಕಪ್ ಎರಡೂ ಒಟ್ಟಿಗೆ ಕೈಸೇರುತ್ತಿದ್ದವು. ದೋಹಾದಲ್ಲಿ ಜೂನ್ 11ರಂದು ನಡೆದ ಕೊನೆಯ ಪಂದ್ಯದ ಬಗ್ಗೆ ನಮ್ಮಲ್ಲಿ ಹೆಚ್ಚು ಮಾತು ನಡೆದಿದೆ. ಚೆಂಡು ಗೆರೆ ದಾಟಿ ಹೊರಹೋದ ನಂತರ ಕತಾರ್ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದ್ದು ಅನ್ಯಾಯವೇ ಸರಿ. ಆ ಸುತ್ತಿನಲ್ಲಿ ವಿಡಿಯೊ ನೆರವು ಇರಲಿಲ್ಲ. ಅಲ್ಲಿ ಕೂಡ 73ನೇ ನಿಮಿಷದವರೆಗೆ ಭಾರತ 1–0ಯಿಂದ ಮುಂದಿತ್ತು ಎಂಬುದು ಇನ್ನಷ್ಟು ನೋವಿನ ಸಂಗತಿ. ಆದರೆ ಅಂಕಪಟ್ಟಿಯನ್ನು ಸಮಾಧಾನದಿಂದ ಓದಿದರೆ, ಏಷ್ಯಾ ಚಾಂಪಿಯನ್ ಕತಾರ್ ಎದುರು ಕಳೆದುಕೊಂಡ ಅಂಕಗಳಿಗಿಂತ ಅಫ್ಘಾನಿಸ್ತಾನದ ಎದುರು ಎರಡು ಪಂದ್ಯಗಳಲ್ಲಿ ಕಳೆದುಕೊಂಡ ಐದು ಅಂಕಗಳೇ ಭಾರವಾದವು ಎನ್ನದೆ ವಿಧಿಯಿಲ್ಲ.

ಅಂಕಗಳು ಸಮವಾದಾಗ ಏನು ಮಾಡುತ್ತಾರೆ ಎಂಬುದು ಅರ್ಹತಾ ಸುತ್ತುಗಳಲ್ಲಿ ಅತ್ಯಂತ ಗೊಂದಲ ಹುಟ್ಟಿಸುವ ಭಾಗ. ಇದಕ್ಕೆ ಕಾರಣ ಒಂದೇ ಖಂಡದ ಎರಡು ಸುತ್ತುಗಳಲ್ಲಿ ಎರಡು ಬಗೆಯ ನಿಯಮಗಳಿರುವುದು. ಜಂಟಿ ಸುತ್ತಿನಲ್ಲಿ ಅನ್ವಯವಾದದ್ದು ಫಿಫಾ ಕ್ರಮ: ಮೊದಲು ಇಡೀ ಗುಂಪಿನ ಗೋಲುಗಳ ಅಂತರ, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದರೆ ಉಳಿಯುವ ಸಂಖ್ಯೆ, ನಂತರ ಹೊಡೆದ ಒಟ್ಟು ಗೋಲುಗಳು, ಅವೂ ಸಮವಾದರೆ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ. ಏಷ್ಯಾ ಒಕ್ಕೂಟ ತಾನೇ ನಡೆಸುವ ಕೊನೆಯ ಸುತ್ತಿನಲ್ಲಿ ಈ ಕ್ರಮ ತಿರುವುಮುರುವು: ಪರಸ್ಪರ ಪಂದ್ಯಗಳ ಫಲಿತಾಂಶವೇ ಮೊದಲು, ಒಟ್ಟು ಗೋಲು ಅಂತರ ಆಮೇಲೆ.

ಮೊದಲ ಬಗೆಯ ನಿಯಮ ಎಷ್ಟು ಸೂಕ್ಷ್ಮಕ್ಕೆ ಹೋಗಬಹುದು ಎಂಬುದಕ್ಕೆ ಚೀನಾ ಮತ್ತು ಥಾಯ್ಲೆಂಡ್ ನಡುವಿನ ಪೈಪೋಟಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ದಕ್ಷಿಣ ಕೊರಿಯಾ ಮತ್ತು ಸಿಂಗಪುರ ಇದ್ದ ಗುಂಪಿನಲ್ಲಿ 2024ರ ಜೂನ್ 11ರಂದು ಕೊನೆಯ ಪಂದ್ಯಗಳು ನಡೆದವು. ಚೀನಾ ಸೋಲ್‌ನಲ್ಲಿ 0–1ರಿಂದ ಸೋತಿತು. ಅದನ್ನು ಹಿಂದಿಕ್ಕಲು ಥಾಯ್ಲೆಂಡ್ ಬ್ಯಾಂಕಾಕ್‌ನಲ್ಲಿ ಸಿಂಗಪುರವನ್ನು ಮೂರು ಗೋಲುಗಳ ಅಂತರದಿಂದ ಸೋಲಿಸಬೇಕಿತ್ತು, ಗೆದ್ದದ್ದು 3–1ರಿಂದ. ಎರಡೂ ತಂಡಗಳಿಗೆ 8 ಅಂಕ. ಎರಡೂ ಹೊಡೆದದ್ದು 9 ಗೋಲು, ಬಿಟ್ಟುಕೊಟ್ಟದ್ದೂ 9. ಗೋಲುಗಳ ಅಂತರ ಸೊನ್ನೆ, ಎಲ್ಲವೂ ಸಮ. ಹಾಗಾಗಿ ಅವುಗಳ ನಡುವಿನ ಪಂದ್ಯಗಳನ್ನು ನೋಡಬೇಕಾಯಿತು. ಬ್ಯಾಂಕಾಕ್‌ನಲ್ಲಿ ಚೀನಾ 2–1ರಿಂದ ಗೆದ್ದಿತ್ತು, ಶೆನ್ಯಾಂಗ್‌ನಲ್ಲಿ 1–1 ಡ್ರಾ ಆಗಿತ್ತು; ಚೀನಾ ಮುಂದೆ ಹೋಯಿತು. ಅಂದು ಥಾಯ್ಲೆಂಡ್‌ನ ಹೊಡೆತಗಳನ್ನು ಒಂದಾದ ಮೇಲೊಂದರಂತೆ ತಡೆದವರು ಸಿಂಗಪುರದ ಹಿರಿಯ ಗೋಲ್‌ಕೀಪರ್ ಹಸನ್ ಸನ್ನಿ. ಟೂರ್ನಿಯಿಂದ ಅದಾಗಲೇ ಹೊರಬಿದ್ದಿದ್ದ ತಂಡದ ಗೋಲ್‌ಕೀಪರ್ ಅವರು. ಚೀನಾದ ಅಭಿಮಾನಿಗಳು ಸಿಂಗಪುರದಲ್ಲಿ ಅವರು ನಡೆಸುತ್ತಿದ್ದ ನಾಸಿ ಲೆಮಾಕ್ ಎಂಬ ಅನ್ನದ ಖಾದ್ಯದ ಅಂಗಡಿಯನ್ನು ಹುಡುಕಿಕೊಂಡು ಬಂದರು. ಬರಲಾಗದವರು ಅಂಗಡಿಯ ಕ್ಯೂಆರ್ ಕೋಡ್ ಹಿಡಿದು ದೂರದಿಂದಲೇ ಹಣ ಕಳಿಸತೊಡಗಿದರು. ಕೊನೆಗೆ ಹಣ ಕಳಿಸುವುದನ್ನು ನಿಲ್ಲಿಸಿ ಎಂದು ಅವರೇ ವಿನಂತಿಸಿಕೊಳ್ಳಬೇಕಾಯಿತು. ಒಂದು ಗೋಲಿನ ಬೆಲೆಯನ್ನು ಆ ಅಭಿಮಾನಿಗಳು ಸರಿಯಾಗಿಯೇ ಅರಿತಿದ್ದರು.

ಎರಡನೆಯ ಬಗೆಯ ನಿಯಮದ ಪರಿಣಾಮ ಕಂಡದ್ದು ಭಾರತವಿದ್ದ ಗುಂಪಿನಲ್ಲಿಯೇ. 2025ರ ನವೆಂಬರ್ 18ರಂದು ಸಿಂಗಪುರ ಹಾಂಗ್‌ಕಾಂಗ್‌ಗೆ ಹೋಗಿ 2–1ರಿಂದ ಗೆದ್ದು 11 ಅಂಕಕ್ಕೆ ಏರಿತು. ಇಬ್ಬರಿಗೂ ಇನ್ನೊಂದು ಪಂದ್ಯ ಬಾಕಿ ಇತ್ತು. 8ರಲ್ಲಿ ನಿಂತ ಹಾಂಗ್‌ಕಾಂಗ್ ಕೊನೆಯ ಪಂದ್ಯ ಗೆದ್ದು, ಸಿಂಗಪುರ ಸೋತರೆ ಅಂಕಗಳು ಸಮವಾಗುವ ಸಾಧ್ಯತೆ ಕಾಗದದ ಮೇಲೆ ಇದ್ದೇ ಇತ್ತು. ಗೋಲು ಅಂತರ ಮೊದಲೆಂಬ ನಿಯಮವಿದ್ದಿದ್ದರೆ ಸಿಂಗಪುರ ಮಾರ್ಚ್‌ವರೆಗೆ ಕಾಯಬೇಕಿತ್ತು. ಆದರೆ ಅವೆರಡರ ನಡುವಿನ ಮೊದಲ ಪಂದ್ಯ 0–0 ಆಗಿತ್ತು, ಎರಡನೆಯದರಲ್ಲಿ ಸಿಂಗಪುರ ಗೆದ್ದಿತ್ತು. ಹಾಗಾಗಿ ಮುಂದೇನೇ ಆದರೂ ಸಿಂಗಪುರವೇ ಮೇಲೆ. 1984ರಲ್ಲಿ ಆತಿಥೇಯ ರಾಷ್ಟ್ರವಾಗಿ ಮಾತ್ರ ಏಷ್ಯಾ ಕಪ್ ಆಡಿದ್ದ ಆ ಪುಟ್ಟ ದೇಶ ಮೊದಲ ಬಾರಿಗೆ ತನ್ನ ಆಟದ ಬಲದಿಂದ ಅರ್ಹತೆ ಪಡೆಯಿತು. ನನಗೆ ಈ ಎರಡನೆಯ ನಿಯಮವೇ ಹೆಚ್ಚು ನ್ಯಾಯವೆನಿಸುತ್ತದೆ. ದುರ್ಬಲ ತಂಡಕ್ಕೆ ಏಳೆಂಟು ಗೋಲು ಹೊಡೆದವರಿಗಿಂತ ನೇರ ಪ್ರತಿಸ್ಪರ್ಧಿಯನ್ನು ಮಣಿಸಿದವರಿಗೆ ಅದು ಮನ್ನಣೆ ಕೊಡುತ್ತದೆ.

ಬೇರೆ ಬೇರೆ ಗುಂಪುಗಳ ತಂಡಗಳನ್ನು ಹೋಲಿಸಬೇಕಾದಾಗ ಲೆಕ್ಕ ಇನ್ನೊಂದು ಸುತ್ತು ಹೆಚ್ಚು ತೊಡಕಾಗುತ್ತದೆ. 2023ರ ಆವೃತ್ತಿಯ ಕೊನೆಯ ಅರ್ಹತಾ ಸುತ್ತಿನಲ್ಲಿ ಆರು ಗುಂಪುಗಳ ವಿಜೇತರ ಜೊತೆಗೆ, ಎರಡನೆಯ ಸ್ಥಾನ ಪಡೆದ ಆರು ತಂಡಗಳಲ್ಲಿ ಉತ್ತಮವಾದ ಐದಕ್ಕೂ ಅವಕಾಶವಿತ್ತು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಭಾರತ ಕಾಂಬೋಡಿಯಾವನ್ನು 2–0ಯಿಂದ, ಅಫ್ಘಾನಿಸ್ತಾನವನ್ನು 2–1ರಿಂದ ಸೋಲಿಸಿ 6 ಅಂಕ ಗಳಿಸಿತ್ತು. ಜೂನ್ 14ರಂದು ಹಾಂಗ್‌ಕಾಂಗ್ ಎದುರಿನ ಪಂದ್ಯ ಆರಂಭವಾಗುವ ಮೊದಲೇ ಸಿಹಿಸುದ್ದಿ ಬಂದದ್ದು ಮಂಗೋಲಿಯಾದ ಉಲಾನ್‌ಬಾತರ್‌ನಿಂದ: ಅಲ್ಲಿ ಪ್ಯಾಲೆಸ್ಟೀನ್ ಫಿಲಿಪ್ಪೀನ್ಸ್ ತಂಡವನ್ನು 4–0ಯಿಂದ ಸೋಲಿಸಿತ್ತು. ಫಿಲಿಪ್ಪೀನ್ಸ್ 4 ಅಂಕಕ್ಕೇ ನಿಂತು ಎರಡನೆಯದಾದ ಕಾರಣ, ಭಾರತ ಕೊನೆಯ ಪಂದ್ಯ ಸೋತರೂ ಎರಡನೆಯವರ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುತ್ತಿತ್ತು. ಆರರಲ್ಲಿ ಹೊರಬೀಳುವುದು ಒಂದೇ ತಂಡ. ಆ ತಂಡ ಭಾರತವಾಗಲು ಸಾಧ್ಯವೇ ಇರಲಿಲ್ಲ. ಹೋಟೆಲಿನಿಂದ ಹೊರಡುವ ಹೊತ್ತಿಗೇ ಅರ್ಹತೆ ಖಚಿತವಾದ ಭಾರತ ಅಂದು ಸಂಜೆ ಹಾಂಗ್‌ಕಾಂಗ್‌ಗೆ ನಾಲ್ಕು ಗೋಲು ಹೊಡೆದು ಗುಂಪಿನ ಅಗ್ರಸ್ಥಾನವನ್ನೂ ಪಡೆಯಿತು. ಇಂಥ ಹೋಲಿಕೆಯಲ್ಲಿ ಗುಂಪುಗಳ ಗಾತ್ರವೂ ಸಮವಾಗಿರಬೇಕು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಉತ್ತರ ಕೊರಿಯಾ 2021ರಲ್ಲಿ ಹಿಂದೆ ಸರಿದು ಒಂದು ಗುಂಪಿನಲ್ಲಿ ನಾಲ್ಕೇ ತಂಡಗಳು ಉಳಿದಾಗ, ಉಳಿದೆಲ್ಲ ಗುಂಪುಗಳ ಎರಡನೆಯ ತಂಡಗಳು ಐದನೆಯ ಸ್ಥಾನದ ತಂಡದ ವಿರುದ್ಧ ಗಳಿಸಿದ್ದ ಅಂಕಗಳನ್ನು ಈ ಹೋಲಿಕೆಯಿಂದ ಕೈಬಿಡಲಾಯಿತು. 2027ರ ಅರ್ಹತೆಯಲ್ಲಿ ಈ ತಲೆನೋವೇ ಇರಲಿಲ್ಲ. ಜೊತೆಗೆ ಎರಡನೆಯವರಿಗೆ ಅವಕಾಶವೂ ಇರಲಿಲ್ಲ.

ಕೋವಿಡ್ ಕಾರಣದಿಂದ 2022ರಲ್ಲಿ ಪ್ರತಿ ಗುಂಪಿನ ಪಂದ್ಯಗಳನ್ನು ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಮುಗಿಸಿದ್ದರು. ಸಾಮಾನ್ಯ ಪದ್ಧತಿಯಲ್ಲಿ ಪ್ರತಿ ಎದುರಾಳಿಯೊಡನೆ ತವರಿನಲ್ಲೊಂದು, ಅವರ ನೆಲದಲ್ಲೊಂದು ಪಂದ್ಯ ಇರುತ್ತದೆ. ಫಿಫಾ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಆಟಗಾರರನ್ನು ಕ್ಲಬ್‌ಗಳು ಕಡ್ಡಾಯವಾಗಿ ಬಿಟ್ಟುಕೊಡಬೇಕಾದ್ದರಿಂದ ಆರು ಪಂದ್ಯಗಳು ವರ್ಷದುದ್ದಕ್ಕೂ ಹರಡಿಕೊಳ್ಳುತ್ತವೆ. ಹಾಗಾಗಿ ತವರಿನ ಪಂದ್ಯಗಳೇ ಬಂಡವಾಳ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇದಕ್ಕೆ ಸಾಕ್ಷಿ. 2017ರ ಜೂನ್ 13ರಂದು ಕಿರ್ಗಿಸ್ತಾನದ ಎದುರು ಛೆಟ್ರಿ ಹೊಡೆದ ಏಕೈಕ ಗೋಲು, ಅಕ್ಟೋಬರ್ 11ರಂದು ಮಕಾವ್ ಎದುರಿನ 4–1 ಗೆಲುವು, ಇವೆರಡೂ ಅಲ್ಲಿಯೇ ಬಂದವು. ನಾಲ್ಕು ಪಂದ್ಯಗಳಲ್ಲಿ 12 ಅಂಕ ಗಳಿಸಿ, ಎರಡು ಪಂದ್ಯ ಬಾಕಿ ಇರುವಾಗಲೇ ಭಾರತ 2019ರ ಏಷ್ಯಾ ಕಪ್‌ಗೆ ಹೋಯಿತು. ಎಂಟು ವರ್ಷಗಳ ನಂತರ, ಅದೇ ಅಕ್ಟೋಬರ್ ತಿಂಗಳಲ್ಲಿ, ಅಷ್ಟೇ ಪಂದ್ಯಗಳ ನಂತರ ತಂಡ ಹೊರಬಿದ್ದಿತು. 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು ಆದ 0–0 ಡ್ರಾ ಅಂದಿಗೆ ಸಣ್ಣ ನಿರಾಸೆಯಂತೆ ಕಂಡಿತ್ತು. ಒಂದೇ ಸ್ಥಾನವಿರುವ ಗುಂಪಿನಲ್ಲಿ ತವರಿನ ಡ್ರಾ ಎಂದರೆ ಎರಡು ಅಂಕಗಳ ನಷ್ಟ. ಅದನ್ನು ತುಂಬಲು ಪರಸ್ಥಳದಲ್ಲಿ ಗೆಲ್ಲಬೇಕು. ಹಾಂಗ್‌ಕಾಂಗ್‌ನಲ್ಲಿ ಇಂಜುರಿ ಸಮಯದ ಪೆನಾಲ್ಟಿಯಿಂದ ಸೋತು, ಸಿಂಗಪುರದಲ್ಲಿ 90ನೇ ನಿಮಿಷದ ಗೋಲಿನಿಂದ ಡ್ರಾ ಉಳಿಸಿಕೊಂಡ ತಂಡಕ್ಕೆ ಅದು ಆಗಲಿಲ್ಲ.

ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಪರ ಮೊದಲ ಬಾರಿ ಆಡಿದವರು ಇಂಗ್ಲೆಂಡಿನಲ್ಲಿ ಬೆಳೆದ ಹಮ್ಜಾ ಚೌಧರಿ. ವಿದೇಶದಲ್ಲಿ ಹುಟ್ಟಿ ಬೆಳೆದ ತಮ್ಮ ಮೂಲದ ಆಟಗಾರರನ್ನು ಕರೆತರುವುದು ಈಗ ಏಷ್ಯಾದಲ್ಲಿ ವ್ಯಾಪಕವಾಗಿದೆ. ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪದ ಕಾರಣ, ನಮ್ಮ ತಂಡಕ್ಕೆ ಬರುವವರು ತಮ್ಮ ಹಳೆಯ ಪೌರತ್ವವನ್ನು ಬಿಡಲೇಬೇಕು; ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಆ ದಾರಿ ಹಿಡಿದರು. ದಾಖಲೆಗಳಲ್ಲಿ ತಪ್ಪು ನಡೆದರೆ ಮೈದಾನದ ಗೆಲುವಿನ ಮೇಲೂ ನೆರಳು ಬೀಳುತ್ತದೆ: ಮಲೇಷ್ಯಾ ಪರ ಆಡಿದ ಏಳು ಆಟಗಾರರ ಅರ್ಹತೆಗೆ ಸಲ್ಲಿಸಿದ ದಾಖಲೆಗಳು ನಕಲಿ ಎಂದು ಕಂಡ ಫಿಫಾ ಶಿಸ್ತು ಸಮಿತಿ 2025ರ ಸೆಪ್ಟೆಂಬರ್‌ನಲ್ಲಿ ಅವರಿಗೆ 12 ತಿಂಗಳ ನಿಷೇಧ, ಅಲ್ಲಿನ ಸಂಸ್ಥೆಗೆ ದಂಡ ವಿಧಿಸಿತು.

ಸೋಲಿನ ಪರಿಣಾಮ ಒಂದು ಟೂರ್ನಿಗೆ ಮುಗಿಯುವುದಿಲ್ಲ. ಗುಂಪುಗಳನ್ನು ವಿಂಗಡಿಸುವ ಮೊದಲು ತಂಡಗಳನ್ನು ರ‍್ಯಾಂಕಿಂಗ್ ಪ್ರಕಾರ ನಾಲ್ಕು ಪಾತ್ರೆಗಳಲ್ಲಿ ಹಾಕಿ, ಒಂದೊಂದರಿಂದ ಒಂದೊಂದು ತಂಡದ ಚೀಟಿ ಎತ್ತುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಈ ಕೊನೆಯ ಸುತ್ತಿನ ಚೀಟಿ ಎತ್ತಿದಾಗ ಭಾರತ ಮೊದಲ ಪಾತ್ರೆಯಲ್ಲಿತ್ತು. ಸಿರಿಯಾ, ಥಾಯ್ಲೆಂಡ್, ವಿಯೆಟ್ನಾಂ ಮುಂತಾದ ತಂಡಗಳೂ ಅದೇ ಪಾತ್ರೆಯಲ್ಲಿದ್ದುದರಿಂದ ಅವು ಭಾರತದ ಗುಂಪಿಗೆ ಬರುವ ಸಾಧ್ಯತೆಯೇ ಇರಲಿಲ್ಲ. ಗುಂಪಿನಲ್ಲಿ ಕಾಗದದ ಮೇಲೆ ಅತ್ಯಂತ ಬಲಿಷ್ಠ ತಂಡ ಭಾರತವೇ ಆಗಿತ್ತು. ಪ್ರತಿ ಸೋಲಿನೊಂದಿಗೆ ರ‍್ಯಾಂಕಿಂಗ್ ಅಂಕ ಕರಗುತ್ತದೆ, ಪಾತ್ರೆ ಕೆಳಗಿಳಿಯುತ್ತದೆ, ಮುಂದಿನ ಗುಂಪು ಕಠಿಣವಾಗುತ್ತದೆ.

ಇನ್ನೂ ಕೆಳಗಿಳಿದರೆ ಎರಡನೇ ಸುತ್ತಿನ ನೇರ ಪ್ರವೇಶವೇ ಕೈತಪ್ಪುತ್ತದೆ. ಭಾರತ ಅದನ್ನು ಒಮ್ಮೆ ಅನುಭವಿಸಿದೆ. 2015ರಲ್ಲಿ ರ‍್ಯಾಂಕಿಂಗ್‌ನಲ್ಲಿ ಬಹಳ ಹಿಂದಿದ್ದ ಕಾರಣ ತಂಡ ಮೊದಲ ಸುತ್ತಿನಲ್ಲಿ ನೇಪಾಳದ ಜೊತೆ ಆಡಬೇಕಾಯಿತು. ಆ ಎರಡು ಪಂದ್ಯಗಳನ್ನು ದಾಟಿ ಎರಡನೇ ಸುತ್ತಿನ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ, ಅದೂ ಬೆಂಗಳೂರಿನಲ್ಲಿ ಗುವಾಮ್ ಎದುರು. ಗುಂಪಿನಲ್ಲಿ ಕೊನೆಯ ಸ್ಥಾನ. ಅಲ್ಲಿಂದ ಲಾವೋಸ್ ಎದುರು ಎರಡು ಪ್ಲೇಆಫ್ ಪಂದ್ಯಗಳು, ಆಮೇಲೆ ಕೊನೆಯ ಸುತ್ತಿನ ಆರು. 2015ರ ಮಾರ್ಚ್‌ನಿಂದ 2018ರ ಮಾರ್ಚ್‌ವರೆಗೆ ಒಟ್ಟು 18 ಪಂದ್ಯಗಳನ್ನಾಡಿ ಭಾರತ ಆ ದಾರಿಯನ್ನು ಪೂರೈಸಿತು. ಆ ದಾರಿಯ ಕೊನೆಯಲ್ಲಿ ಆಗ ಪ್ರತಿ ಗುಂಪಿಗೆ ಎರಡು ಸ್ಥಾನಗಳಿದ್ದವು.